ಬೇರೆಯವರ ಫೋಟೊ, ಲೋಗೊ, ಬರಹ ನಮ್ಮ ಜಾಹೀರಾತು ಜಾಲತಾಣಕ್ಕೆ ಹಾಕುವ ಮೊದಲು: ಒಪ್ಪಿಗೆ ಯಾರಿಂದ, ಹೇಗೆ ಪಡೆಯಬೇಕು?

ಗೋಕರ್ಣದ ಹೋಮ್‌ಸ್ಟೇ, ದಾಂಡೇಲಿಯ ರಾಫ್ಟಿಂಗ್, ಮುರ್ಡೇಶ್ವರದ ಸ್ಕೂಬಾ, ಕಾರವಾರದ ಮೀನೂಟದ ಹೋಟೆಲು, ಸಿರ್ಸಿಯ ತೊಡೆದೇವು, ಅಪ್ಪೆಮಿಡಿ ಉಪ್ಪಿನಕಾಯಿ. ಇವೆಲ್ಲವನ್ನೂ ಒಂದೇ ಕಡೆ ತೋರಿಸುವ ಜಾಹೀರಾತು ಜಾಲತಾಣ ಮಾಡೋಣ ಅಂತ ನಮ್ಮ ಉತ್ತರ ಕನ್ನಡ ಜಿಲ್ಲೆಯ ತುಂಬಾ ಜನ ಹೊರಟಿದ್ದಾರೆ. ಒಳ್ಳೆ ಕೆಲಸ. ಆದರೆ ಪುಟ ತುಂಬಿಸುವಾಗ ಎಲ್ಲರೂ ಮಾಡುವುದು ಒಂದೇ: ಗೂಗಲ್‌ನಿಂದ ಫೋಟೊ, ಬುಕಿಂಗ್ ಆ್ಯಪ್‌ನಿಂದ ವಿವರಣೆ, ಫೇಸ್‌ಬುಕ್‌ನಿಂದ ಲೋಗೊ ಎತ್ತಿ ಹಾಕುವುದು. ಕೇಳಿದರೆ "ನಾವು ಅವರಿಗೆ ಪುಕ್ಕಟೆ ಪ್ರಚಾರ ಕೊಡ್ತಿದ್ದೇವಲ್ಲ, ಯಾರು ಬೇಡ ಅಂತಾರೆ?" ಅನ್ನುವ ಉತ್ತರ.

ಈ ಉತ್ತರ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಪ್ರಚಾರ ಪುಕ್ಕಟೆ ಅಂದಮಾತ್ರಕ್ಕೆ ಒಪ್ಪಿಗೆ ಸಿಕ್ಕಿತು ಅಂತ ಆಗುವುದಿಲ್ಲ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ, ಈ ಬರಹ ಇರುವುದೇ ಅದಕ್ಕಾಗಿ. ನಿಮಗೆ ಫೋಟೊ ಕೊಟ್ಟವರು ಬೇರೆ, ಆ ಫೋಟೊದ ಒಡೆಯರು ಬೇರೆ ಇರಬಹುದು. ಹೋಮ್‌ಸ್ಟೇ ಯಜಮಾನರು ಪ್ರೀತಿಯಿಂದ ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ ಬೆಂಗಳೂರಿನ ಅತಿಥಿಯೊಬ್ಬರು ತೆಗೆದದ್ದಾಗಿದ್ದರೆ, ಯಜಮಾನರ ಒಪ್ಪಿಗೆಯಿಂದ ನಿಮಗೆ ಏನೂ ಸಿಗಲಿಲ್ಲ.

ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ. 1957ರ ಕಾಪಿರೈಟ್ ಕಾಯ್ದೆಯ ಕಲಂ 63ರಂತೆ, ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಪೊಲೀಸರು ಇದಕ್ಕೆ ನೇರವಾಗಿ ಎಫ್‌ಐಆರ್ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಪರಿಹಾರ ಕೇಳುವ ಸಿವಿಲ್ ದಾವೆ ಬೇರೆ. ಅದರಲ್ಲೂ ಕಲಂ 62 ನಮ್ಮಂಥವರಿಗೆ ಕಷ್ಟದ್ದು, ಯಾಕೆಂದರೆ ಹಕ್ಕುದಾರರು ತಾವು ವಾಸ ಇರುವ ಅಥವಾ ವ್ಯವಹಾರ ನಡೆಸುವ ಊರಿನಲ್ಲೇ ದಾವೆ ಹೂಡಬಹುದು. ಮುಂಬೈನ ಫೋಟೊಗ್ರಾಫರ್ ಮುಂಬೈನಲ್ಲಿ ದಾವೆ ಹಾಕಿದರೆ, ಸಿರ್ಸಿಯಿಂದ ಪ್ರತಿ ತಾರೀಕಿಗೆ ಅಲ್ಲಿಗೆ ಓಡಾಡುವವರು ನೀವು.

ಮೊದಲ ಹಂತ: ಪುಟವನ್ನು ಬಿಡಿಸಿ ನೋಡಿ

ಯಾಣದ ಹತ್ತಿರದ ಒಂದು ಹೋಮ್‌ಸ್ಟೇಯ ಪುಟ ಅಂತ ಇಟ್ಟುಕೊಳ್ಳಿ. ಅದರಲ್ಲಿ ಏನೇನಿದೆ? ಮನೆ, ತೋಟ, ಊಟದ ಫೋಟೊಗಳು. ಒಂದು ಲೋಗೊ. ಬುಕಿಂಗ್ ಆ್ಯಪ್‌ನಿಂದ ತಂದ ಎರಡು ಪ್ಯಾರಾ ವಿವರಣೆ. ಬಾಳೆ ಎಲೆಯ ಚಿತ್ರವಿರುವ ಚಂದದ ಮೆನು ಕಾರ್ಡು. ಗೂಗಲ್‌ನಿಂದ ಎತ್ತಿದ ಅತಿಥಿಗಳ ಅಭಿಪ್ರಾಯ. ಅಂಗಳದಲ್ಲಿ ನಡೆದ ಯಕ್ಷಗಾನದ ವಿಡಿಯೊ, ಅದರ ಹಿಂದೆ ಒಂದು ಸಿನಿಮಾ ಹಾಡು. ಕೊನೆಗೆ ದಾರಿ ತೋರಿಸುವ ನಕ್ಷೆಯ ಸ್ಕ್ರೀನ್‌ಶಾಟ್.

ನೋಡುವವರಿಗೆ ಒಂದೇ ಪುಟ. ಹಕ್ಕಿನ ಲೆಕ್ಕದಲ್ಲಿ ಇಲ್ಲಿ ಏಳೆಂಟು ಬೇರೆ ಬೇರೆ ಒಡೆಯರು ಇರಬಹುದು. ಎಕ್ಸೆಲ್‌ನಲ್ಲಿ ಒಂದು ಶೀಟ್ ತೆರೆಯಿರಿ. ಪ್ರತಿ ವಸ್ತುವಿಗೂ ಒಂದು ಸಾಲು: ಫೈಲ್ ಹೆಸರು, ಎಲ್ಲಿಂದ ಬಂತು, ಮಾಡಿದವರು ಯಾರು, ಒಡೆಯರು ಯಾರು, ಒಪ್ಪಿಗೆ ಬಂದ ತಾರೀಕು, ಯಾವಾಗಿನವರೆಗೆ. ಈ ಶೀಟ್ ಖಾಲಿ ಇರುವಾಗಲೇ ಶುರು ಮಾಡಿ. ನೂರು ಪುಟ ಆದಮೇಲೆ ಯಾವ ಫೋಟೊ ಎಲ್ಲಿಂದ ಬಂತು ಅಂತ ನೆನಪಿರುವುದಿಲ್ಲ.

ಎರಡನೇ ಹಂತ: ಒಪ್ಪಿಗೆ ಬೇಡದ್ದನ್ನು ಬದಿಗಿಡಿ

ಎಲ್ಲದಕ್ಕೂ ಹೆದರಬೇಕಾಗಿಲ್ಲ. ಅಂಗಡಿ ಹೆಸರು, ವಿಳಾಸ, ಬಾಗಿಲು ತೆಗೆಯುವ ಹೊತ್ತು, ಕೋಣೆ ಬಾಡಿಗೆ, ಕಾಣೆ ಫ್ರೈ ಬೆಲೆ ಇವೆಲ್ಲ ಬರೀ ಮಾಹಿತಿ. ಮಾಹಿತಿಗೆ ಕಾಪಿರೈಟ್ ಇಲ್ಲ. ಆದರೆ ಅದೇ ಬೆಲೆಪಟ್ಟಿಯನ್ನು ಡಿಸೈನರ್ ಒಬ್ಬರು ಚಿತ್ರ ಬಿಡಿಸಿ ಕಾರ್ಡು ಮಾಡಿದ್ದರೆ ಆ ಕಾರ್ಡಿಗೆ ಹಕ್ಕಿದೆ. ಕಾರ್ಡಿನ ಫೋಟೊ ಹಾಕುವ ಬದಲು ನೀವೇ ಟೈಪ್ ಮಾಡಿ. ಅಂಗಡಿಯವರಿಗೆ ಫೋನ್ ಮಾಡಿ ಇವತ್ತಿನ ದರ ಕೇಳಿದರೆ ಇನ್ನೂ ಒಳ್ಳೆಯದು, ಹಳೆ ಕಾರ್ಡಿನ ದರ ನಂಬಿ ಬಂದ ಗಿರಾಕಿ ಜಗಳ ಆಡುವುದು ತಪ್ಪುತ್ತದೆ.

ಮುರ್ಡೇಶ್ವರದ 123 ಅಡಿ ಶಿವನ ಮೂರ್ತಿ ತರಹ ಸಾರ್ವಜನಿಕರು ಹೋಗಿಬರುವ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪದ ಫೋಟೊ ತೆಗೆದು ಪ್ರಕಟಿಸುವುದು ಕಲಂ 52ರಂತೆ ಉಲ್ಲಂಘನೆ ಅಲ್ಲ. ಕಟ್ಟಡಗಳಿಗೂ ಹಾಗೆಯೇ. ಆದರೆ ನೀವೇ ತೆಗೆದ ಫೋಟೊ ಆಗಿರಬೇಕು. ಮೂರ್ತಿಯ ಮೇಲಿನ ಹಕ್ಕಿನ ಪ್ರಶ್ನೆ ಇಲ್ಲದಿದ್ದರೂ, ಇನ್ನೊಬ್ಬರು ಕ್ಯಾಮೆರಾ ಹಿಡಿದು ಸೂರ್ಯಾಸ್ತಕ್ಕೆ ಕಾದು ತೆಗೆದ ಚಿತ್ರ ಅವರದ್ದೇ.

ಹಳೆಯ ಬರಹಗಳ ಲೆಕ್ಕ ಹೀಗೆ: ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಇರುತ್ತದೆ. ಕಾರವಾರಕ್ಕೆ ಬಂದು ಉಳಿದಿದ್ದ ರವೀಂದ್ರನಾಥ ಟ್ಯಾಗೋರರು ತೀರಿಕೊಂಡಿದ್ದು 1941ರಲ್ಲಿ, ಅವರ ಬರಹಗಳ ಹಕ್ಕು 2001ರ ಕೊನೆಗೆ ಮುಗಿಯಿತು. ಟ್ಯಾಗೋರ್ ಕಡಲತೀರದ ಪುಟಕ್ಕೆ ಅವರ ಮೂಲ ಸಾಲು ಹಾಕಬಹುದು. ಕನ್ನಡ ಅನುವಾದ ಹಾಕುವುದಾದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ, ಅದನ್ನು ನೋಡಿಕೊಳ್ಳಿ. ಅಂಕೋಲೆಯ ದಿನಕರ ದೇಸಾಯಿ ಅವರು ತೀರಿಕೊಂಡಿದ್ದು 1982ರಲ್ಲಿ. ಅವರ ಚುಟುಕಗಳು ನಮ್ಮ ಜಿಲ್ಲೆಯವರ ಬಾಯಲ್ಲೇ ಇವೆ ನಿಜ, ಆದರೆ ಜಾಹೀರಾತಿಗೆ ಬಳಸಲು 2042ರ ಕೊನೆಯವರೆಗೆ ಹಕ್ಕುದಾರರನ್ನು ಕೇಳಲೇಬೇಕು.

ಇನ್ನು "ಫೇರ್ ಡೀಲಿಂಗ್ ಇದೆಯಲ್ಲ" (ಅಂದರೆ ಒಪ್ಪಿಗೆ ಇಲ್ಲದೆಯೂ ಕಾನೂನು ಬಿಡುವ ನ್ಯಾಯವಾದ ಬಳಕೆ) ಅನ್ನುವವರಿಗೆ: ಅದು ಇರುವುದು ಖಾಸಗಿ ಬಳಕೆ, ಅಧ್ಯಯನ, ವಿಮರ್ಶೆ, ಸುದ್ದಿ ಇಂಥವಕ್ಕೆ. ಹಣ ತೆಗೆದುಕೊಂಡು ಹಾಕುವ ಜಾಹೀರಾತನ್ನು ಅದರ ಕೆಳಗೆ ತರುವ ಯೋಚನೆ ಬಿಟ್ಟುಬಿಡಿ.

ಮೂರನೇ ಹಂತ: ನಿಜವಾದ ಒಡೆಯರು ಯಾರು ಅಂತ ಹುಡುಕಿ

ಜಾಸ್ತಿ ಹೊತ್ತು ಇಲ್ಲಿ ಕಳೆಯಿರಿ. ಕಾಪಿರೈಟ್ ಹುಟ್ಟಲು ನೋಂದಣಿ ಬೇಕಿಲ್ಲ, ಮೂಲೆಯಲ್ಲಿ ಹೆಸರು ಇರಬೇಕೆಂದೂ ಇಲ್ಲ. ಫೋಟೊ ಕ್ಲಿಕ್ಕಿಸಿದ ಗಳಿಗೆಯಲ್ಲೇ ಹಕ್ಕು ಹುಟ್ಟಿತು.

ಸಾಮಾನ್ಯವಾಗಿ ಮಾಡಿದವರೇ ಮೊದಲ ಒಡೆಯರು. ಕಲಂ 17ರಲ್ಲಿ ಕೆಲವು ವಿನಾಯಿತಿ ಇದೆ. ಹೋಮ್‌ಸ್ಟೇಯವರು ದುಡ್ಡು ಕೊಟ್ಟು ಕುಮಟೆಯ ಸ್ಟುಡಿಯೊದವರನ್ನು ಕರೆಸಿ ಫೋಟೊ ತೆಗೆಸಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಕ್ಕು ತೆಗೆಸಿದವರದ್ದು. ವಿಡಿಯೊಕ್ಕೂ ಇದೇ ಮಾತು. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಮಾಡಿದ್ದರೆ ಹಕ್ಕು ಮಾಲೀಕರದ್ದು.

ಲೋಗೊ ಮತ್ತು ಬರಹದ ವಿಷಯದಲ್ಲಿ ಹೆಚ್ಚಿನವರು ತಪ್ಪು ತಿಳಿದಿರುತ್ತಾರೆ. ಹೊರಗಿನ ಡಿಸೈನರ್‌ಗೆ ದುಡ್ಡು ಕೊಟ್ಟು ಲೋಗೊ ಮಾಡಿಸಿದರೂ, ಹಕ್ಕನ್ನು ಬರಹದಲ್ಲಿ ವರ್ಗಾಯಿಸಿಕೊಳ್ಳದಿದ್ದರೆ ಅದರ ಕಾಪಿರೈಟ್ ಡಿಸೈನರ್ ಹತ್ತಿರವೇ ಉಳಿದಿರಬಹುದು. ಬಿಲ್ ಇದ್ದರೆ ಸಾಲದು. ಕಲಂ 19ರ ಪ್ರಕಾರ ಹಕ್ಕು ವರ್ಗಾವಣೆಗೆ ಸಹಿ ಹಾಕಿದ ಪತ್ರ ಬೇಕು. ಹೀಗಾಗಿ ಲೋಗೊ ಕೊಟ್ಟ ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಲೇಬೇಕು: "ಇದನ್ನು ಮಾಡಿದ್ದು ಯಾರು, ಅವರಿಂದ ಬರೆಸಿಕೊಂಡಿದ್ದೀರಾ?"

ಈಗ ಯಾಣದ ಪುಟಕ್ಕೆ ಬನ್ನಿ. ಗೂಗಲ್ ಮ್ಯಾಪ್‌ನಲ್ಲಿರುವ ಫೋಟೊ ಅದನ್ನು ತೆಗೆದವರದ್ದು, ಗೂಗಲ್‌ನದ್ದಲ್ಲ, ಹೋಮ್‌ಸ್ಟೇಯದ್ದೂ ಅಲ್ಲ. ಅತಿಥಿ ಬರೆದ ಅಭಿಪ್ರಾಯ ಅತಿಥಿಯದ್ದು. ಅದನ್ನು ಪೂರ್ತಿ ಎತ್ತಿ ಜಾಹೀರಾತು ಮಾಡುವ ಬದಲು ಅಲ್ಲಿಗೆ ಲಿಂಕ್ ಕೊಡಿ. ಬುಕಿಂಗ್ ಆ್ಯಪ್‌ನವರು ತಮ್ಮ ಜನರನ್ನು ಕಳಿಸಿ ತೆಗೆಸಿದ ಫೋಟೊ, ಬರೆಸಿದ ವಿವರಣೆ ಕಂಪನಿಯದ್ದಾಗಿರುವ ಸಾಧ್ಯತೆ ಜಾಸ್ತಿ. ಮನೆ ನಿಮ್ಮದು ಅಂದಮಾತ್ರಕ್ಕೆ ಆ ಫೋಟೊ ನಿಮ್ಮದಾಗುವುದಿಲ್ಲ ಅಂತ ಯಜಮಾನರಿಗೆ ಸಮಾಧಾನದಿಂದ ವಿವರಿಸಬೇಕು, ಅವರಿಗೆ ಇದು ವಿಚಿತ್ರ ಅನಿಸುವುದು ಸಹಜ. ನಕ್ಷೆಯ ಸ್ಕ್ರೀನ್‌ಶಾಟ್ ಬೇಡ, ಗೂಗಲ್‌ನವರೇ ಕೊಡುವ ಎಂಬೆಡ್ ಕೋಡ್ ಹಾಕಿ.

ಯಕ್ಷಗಾನದ ವಿಡಿಯೊ ಬಗ್ಗೆ ನನಗೆ ಒಂಚೂರು ಜಾಸ್ತಿ ಹೇಳಬೇಕಿದೆ. ನಮ್ಮ ಕಡೆ ರೆಸಾರ್ಟ್‌ನಿಂದ ಹಿಡಿದು ಬಟ್ಟೆ ಅಂಗಡಿವರೆಗೆ ಎಲ್ಲರೂ ವೇಷದ ಚಿತ್ರ ಹಾಕಿಕೊಳ್ಳುತ್ತಾರೆ, ವೇಷ ಕಟ್ಟಿದವರನ್ನು ಯಾರೂ ಕೇಳುವುದಿಲ್ಲ. ಕಾಪಿರೈಟ್ ಕಾಯ್ದೆಯಲ್ಲಿ ಕಲಾವಿದರ ಪ್ರದರ್ಶನಕ್ಕೇ ಪ್ರತ್ಯೇಕ ಹಕ್ಕಿದೆ, ಕಲಂ 38ರಲ್ಲಿ, 50 ವರ್ಷದವರೆಗೆ. ಭಾಗವತರು, ಮದ್ದಳೆಯವರು, ಮುಮ್ಮೇಳದವರು ಎಲ್ಲರೂ ಅದರಲ್ಲಿ ಬರುತ್ತಾರೆ. ಪ್ರಸಂಗ ಇತ್ತೀಚಿನದಾದರೆ ಪ್ರಸಂಗಕರ್ತರ ಹಕ್ಕು ಬೇರೆ. ವಿಡಿಯೊ ಹಿಡಿದವರದ್ದು ಇನ್ನೊಂದು. ರಾತ್ರಿಯಿಡೀ ಕುಣಿದವರ ಚಿತ್ರದಿಂದ ನಮ್ಮ ವ್ಯಾಪಾರ ನಡೆಯುತ್ತದೆ ಅಂದಮೇಲೆ ಮೇಳದ ವ್ಯವಸ್ಥಾಪಕರಿಗೆ ಒಂದು ಫೋನ್ ಮಾಡಿ, ಕಲಾವಿದರ ಒಪ್ಪಿಗೆ ಬರಹದಲ್ಲಿ ತೆಗೆದುಕೊಂಡು, ಸಂಭಾವನೆ ಎಷ್ಟು ಅಂತ ಕೇಳುವುದು ನ್ಯಾಯ.

ಹಿನ್ನೆಲೆಯ ಸಿನಿಮಾ ಹಾಡು ತೆಗೆದುಬಿಡಿ. ಅದಕ್ಕೆ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಎಲ್ಲದರ ಹಕ್ಕುದಾರರನ್ನು ಬೇರೆಬೇರೆ ಹುಡುಕಬೇಕು.

ವಿಕಿಮೀಡಿಯ ಕಾಮನ್ಸ್‌ನ ಚಿತ್ರ ಬಳಸಬಹುದು, ಪರವಾನಗಿ ಓದಿ. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್, ಕೆಲವು ಷರತ್ತಿನ ಮೇಲೆ ಎಲ್ಲರಿಗೂ ಬಳಸಲು ಬಿಟ್ಟ ಪರವಾನಗಿ. ಅದರಲ್ಲಿ ಬಿವೈ ಅಂತಿದ್ದರೆ ತೆಗೆದವರ ಹೆಸರು, ಪರವಾನಗಿಯ ಲಿಂಕ್ ಹಾಕಬೇಕು. ಎಸ್‌ಎ ಅಂತಿದ್ದರೆ ನೀವು ತಿದ್ದಿ ಮಾಡಿದ ಚಿತ್ರವನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ಬೇರೆ ತಾಣಗಳಲ್ಲಿ ಎನ್‌ಸಿ ಅಂತ ಕಂಡರೆ ಅದು ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ, ಜಾಹೀರಾತಿಗೆ ಬಳಸುವಂತಿಲ್ಲ.

ನಾಲ್ಕನೇ ಹಂತ: ಹೆಸರು ಮತ್ತು ಲೋಗೊಗೆ ಇನ್ನೊಂದು ಕಾಯ್ದೆ

ಲೋಗೊಗೆ ಕಾಪಿರೈಟ್ ಜೊತೆ 1999ರ ಟ್ರೇಡ್ ಮಾರ್ಕ್ ಕಾಯ್ದೆಯೂ ಅನ್ವಯಿಸುತ್ತದೆ. "ಇಂಥ ಕಂಪನಿಯ ಪಂಪ್‌ಸೆಟ್ ಇಲ್ಲಿ ಸಿಗುತ್ತದೆ" ಅಂತ ಸಾದಾ ಅಕ್ಷರದಲ್ಲಿ, ಪ್ರಾಮಾಣಿಕವಾಗಿ ಬರೆಯಲು ಕಲಂ 30 ಅವಕಾಶ ಕೊಡುತ್ತದೆ. ಅದೇ ಕಂಪನಿಯ ಲೋಗೊವನ್ನು ಪುಟದ ತಲೆಯ ಮೇಲೆ ಹಾಕಿ, ಅವರ ಅಧಿಕೃತ ಡೀಲರ್ ಅನ್ನುವ ಭಾವನೆ ಬರುವ ಹಾಗೆ ಮಾಡಿದರೆ ತೊಂದರೆ ಶುರು. ಡೀಲರ್ ಆಗಿದ್ದರೂ ಡೀಲರ್‌ಶಿಪ್ ಕರಾರಿನಲ್ಲಿ ಲೋಗೊ ಬಳಕೆಯ ನಿಯಮ ಇರುತ್ತದೆ, ಅಂಗಡಿಯವರಿಂದ ಆ ಪುಟದ ಪ್ರತಿ ಪಡೆದುಕೊಳ್ಳಿ. ಲೋಗೊ ನೋಂದಣಿಯಾಗಿದೆಯಾ ಅಂತ ಟ್ರೇಡ್ ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಹುಡುಕಬಹುದು.

ಅಡಿಕೆ ವ್ಯಾಪಾರಿಗಳ ಜಾಹೀರಾತು ಹಾಕುವವರು ಇದನ್ನೂ ಗಮನಿಸಿ. ಸಿರ್ಸಿ ಸುಪಾರಿಗೆ 2019ರಲ್ಲಿ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಮಾನ್ಯತೆ ಬಂದಿದೆ. ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆಗೆ ಸಲ್ಲುವ ಹೆಸರು ಅದು. ಬೇರೆ ಕಡೆಯ ಅಡಿಕೆಗೆ ಆ ಹೆಸರು ಹಾಕುವಂತಿಲ್ಲ. ಜಾಹೀರಾತುದಾರರು ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿದ್ದಾರಾ ಅಂತ ಕೇಳಿ, ಪ್ರಮಾಣಪತ್ರ ನೋಡಿ.

ಐದನೇ ಹಂತ: ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ

ನಮ್ಮ ಕಡೆ ಒಪ್ಪಿಗೆ ಅಂದರೆ "ಅಡ್ಡಿಲ್ಲ, ಹಾಕು ಮಾರಾಯ" ಅನ್ನುವ ಮಾತು. ಮನಸ್ಸು ದೊಡ್ಡದು, ಆದರೆ ಕಾಪಿರೈಟ್ ಕಾಯ್ದೆಯ ಕಲಂ 30ರಂತೆ ಪರವಾನಗಿ ಬರಹದಲ್ಲೇ ಇರಬೇಕು. ಇಮೇಲ್, ವಾಟ್ಸಾಪ್ ಕೂಡ ಬರಹವೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೆ ಆ ಸ್ಥಾನ ಕೊಟ್ಟಿದೆ. ಸಣ್ಣ ಬಳಕೆಗೆ ಅಷ್ಟು ಸಾಕು. ಹಕ್ಕನ್ನೇ ಕೊಂಡುಕೊಳ್ಳುವುದಾದರೆ ಮಾತ್ರ ಸಹಿ ಹಾಕಿದ ಕರಾರು ಮಾಡಿಸಿ, ವಕೀಲರಿಗೆ ತೋರಿಸಿ.

ಸುಮ್ನೆ "ಫೋಟೊ ಹಾಕ್ಲಾ?" ಅಂತ ಕೇಳಿದರೆ ಬರುವ ಉತ್ತರವೂ ಅಷ್ಟೇ ಅಸ್ಪಷ್ಟ. ಹೀಗೆ ಬರೆಯಿರಿ:

"ನಮಸ್ಕಾರ ಹೆಗಡೆಯವರೇ. ನಾನು ಉತ್ತರ ಕನ್ನಡದ ವಸತಿ, ಊಟದ ಜಾಗಗಳ ಜಾಹೀರಾತು ಜಾಲತಾಣ ನಡೆಸುತ್ತಿದ್ದೇನೆ. ಕೆಳಗೆ ಲಗತ್ತಿಸಿದ ಮೂರು ಫೋಟೊಗಳನ್ನು ನಮ್ಮ ಜಾಲತಾಣದಲ್ಲಿ, ನಮ್ಮ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಪುಟಗಳಲ್ಲಿ ಇವತ್ತಿನಿಂದ ಎರಡು ವರ್ಷ ಬಳಸಲು ನಿಮ್ಮ ಒಪ್ಪಿಗೆ ಬೇಕು. ಇದು ಹಣ ಪಡೆದು ಹಾಕುವ ಜಾಹೀರಾತು. ಅಳತೆಗೆ ತಕ್ಕಂತೆ ಕತ್ತರಿಸುತ್ತೇವೆ, ಬೇರೆ ಬದಲಾವಣೆ ಮಾಡುವುದಿಲ್ಲ. ಕೆಳಗೆ ನಿಮ್ಮ ಹೆಸರು ಹಾಕುತ್ತೇವೆ. ಫೋಟೊ ನೀವೇ ತೆಗೆದದ್ದಾ, ಅಥವಾ ಬೇರೆಯವರಿಂದ ತೆಗೆಸಿದ್ದಾ ಅಂತ ತಿಳಿಸಿ. ಮುಂದೆ ಬೇಡ ಅನಿಸಿದರೆ ಹೇಳಿ, ಏಳು ದಿನದೊಳಗೆ ತೆಗೆಯುತ್ತೇವೆ. ಒಪ್ಪಿಗೆ ಇದ್ದರೆ ಇದೇ ಸಂದೇಶಕ್ಕೆ ನಿಮ್ಮ ಪೂರ್ತಿ ಹೆಸರಿನೊಂದಿಗೆ 'ಒಪ್ಪಿಗೆ ಇದೆ' ಅಂತ ಬರೆದು ಕಳಿಸಿ."

ಇದರಲ್ಲಿ ಒಂದೊಂದು ಮಾತಿಗೂ ಕಾರಣ ಇದೆ. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ತಿಳಿಯುತ್ತದೆ, ಜಾಗ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತ. ಗೋವಾ ಗಡಿ ದಾಟಿ ಬರುವ ವಿದೇಶಿ ಪ್ರವಾಸಿಗರಿಗೂ ಜಾಹೀರಾತು ತೋರಿಸುವುದಾದರೆ "ಎಲ್ಲ ದೇಶಗಳಲ್ಲಿ" ಅಂತ ಸೇರಿಸಿ. ಒಪ್ಪಿಗೆ ಪಡೆದು ಒಂದು ವರ್ಷ ಬಳಸದೇ ಇಟ್ಟರೆ, ಬೇರೆ ಮಾತಾಗಿರದಿದ್ದಲ್ಲಿ, ಆ ಹಕ್ಕು ಬಿದ್ದುಹೋಗುತ್ತದೆ. ಬದಲಾವಣೆಯ ಮಾತು ಯಾಕೆಂದರೆ, ಹಕ್ಕು ಮಾರಿದಮೇಲೂ ತನ್ನ ಕೃತಿಯನ್ನು ವಿರೂಪ ಮಾಡಬೇಡಿ ಅನ್ನುವ, ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕು ಕಲಂ 57ರಂತೆ ಕರ್ತೃವಿಗೆ ಇರುತ್ತದೆ. ಮೂಲೆಯಲ್ಲಿರುವ ಫೋಟೊಗ್ರಾಫರ್ ಹೆಸರನ್ನು ಅಳಿಸುವ ಕೆಲಸಕ್ಕಂತೂ ಕೈ ಹಾಕಬೇಡಿ. ಹಕ್ಕಿನ ಗುರುತನ್ನು ಗೊತ್ತಿದ್ದೂ ತೆಗೆಯುವುದು ಕಲಂ 65ಬಿ ಪ್ರಕಾರ ಪ್ರತ್ಯೇಕ ಅಪರಾಧ, 2 ವರ್ಷದವರೆಗೆ ಜೈಲು ಇದೆ.

ಉತ್ತರ ಬರದಿದ್ದರೆ? ಮಳೆಗಾಲದಲ್ಲಿ ಘಟ್ಟದ ಮೇಲೆ ನೆಟ್‌ವರ್ಕ್ ಇಲ್ಲದೆ ವಾರಗಟ್ಟಲೆ ಸಂದೇಶ ತಲುಪದೇ ಇರುವುದುಂಟು. ಸಂಜೆ ಫೋನ್ ಮಾಡಿ, ಇಲ್ಲವೇ ಮಂಡಿಗೆ ಬಂದಾಗ ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳಿ. ಕಾರವಾರದ ಕಡೆ ಕೊಂಕಣಿ ಮಾತಾಡುವವರಿಗೆ ಅವರ ಮಾತಿನಲ್ಲೇ ವಿವರಿಸಿ, ಆಮೇಲೆ ಬರೆಸಿಕೊಳ್ಳಿ. ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತ ತಿಳಿಯಬಾರದು. ಅಲ್ಲಿಯವರೆಗೆ ಆ ಜಾಗದಲ್ಲಿ ನೀವೇ ತೆಗೆದ ಸಾದಾ ಫೋಟೊ ಇರಲಿ.

ಆರನೇ ಹಂತ: ಫೋಟೊದಲ್ಲಿರುವ ಜನ, ಫೋಟೊ ಹೇಳುವ ಮಾತು

ಫೋಟೊಗ್ರಾಫರ್ ಒಪ್ಪಿದರೂ ಚಿತ್ರದಲ್ಲಿರುವವರು ಒಪ್ಪಿರಬೇಕು. ಮೀನು ಮಾರುವ ಅಕ್ಕನ ಮುಖ, ಹಾಲಕ್ಕಿ ಅಜ್ಜಿಯ ಮಣಿಸರ ಎಲ್ಲ ಜಾಹೀರಾತಿಗೆ ಚಂದ ಕಾಣುತ್ತವೆ, ಆದರೆ "ಅಕ್ಕಾ, ಇದನ್ನ ಹೋಟೆಲಿನ ಜಾಹೀರಾತಿಗೆ ಹಾಕ್ತೇವೆ, ಆಗಬಹುದಾ?" ಅಂತ ಎಲ್ಲಿ, ಯಾಕೆ ಅಂತೆಲ್ಲ ಹೇಳಿ ಕೇಳಬೇಕು. ಮಕ್ಕಳಿದ್ದರೆ ತಂದೆತಾಯಿಯ ಸಹಿ. ಸಿನಿಮಾ ತಾರೆಯರ ಚಿತ್ರ ಹಾಕುವುದು ಇನ್ನೂ ಅಪಾಯ. ಅಮಿತಾಭ್ ಮತ್ತು ಜಯಾ ಬಚ್ಚನ್ ಇದ್ದ ತನಿಷ್ಕ್ ಜಾಹೀರಾತನ್ನು ಒಬ್ಬ ಆಭರಣ ವ್ಯಾಪಾರಿ ತನ್ನ ಹೋರ್ಡಿಂಗ್‌ಗೆ ಬಳಸಿಕೊಂಡ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2012ರಲ್ಲಿ ತನಿಷ್ಕ್‌ನ ಒಡೆಯರಾದ ಟೈಟಾನ್ ಕಂಪನಿಯ ಪರ ತೀರ್ಪು ಕೊಟ್ಟಿತು. ಕಾಪಿರೈಟ್ ಜೊತೆಗೆ ಆ ತಾರೆಯರ ವ್ಯಕ್ತಿತ್ವದ ಹಕ್ಕನ್ನೂ ಅದು ಎತ್ತಿಹಿಡಿಯಿತು.

ಇನ್ನೊಂದು: ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸ್ಕೂಬಾ ಅಂತ ಹೇಳಿ ಯಾವುದೋ ದೇಶದ ಹವಳದ ದಿಬ್ಬದ ಫೋಟೊ ಹಾಕುವುದು. ಆ ಫೋಟೊಗೆ ದುಡ್ಡು ಕೊಟ್ಟು ಪರವಾನಗಿ ಪಡೆದಿದ್ದರೂ ಅದು ಗಿರಾಕಿಗೆ ಸುಳ್ಳು ಹೇಳಿದ ಹಾಗೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ನೇತ್ರಾಣಿಯ ನೀರು ಹೇಗಿದೆಯೋ ಹಾಗೇ ತೋರಿಸಿ, ಅದು ಚಂದವೇ ಇದೆ.

ಕಾರವಾರದ ಕಡಲಿನ ಡ್ರೋನ್ ದೃಶ್ಯ ಯಾರಾದರೂ ಕೊಟ್ಟರೆ, ಹಾರಿಸಲು ಅನುಮತಿ ಇತ್ತಾ ಅಂತ ಕೇಳಿ. ಐಎನ್‌ಎಸ್ ಕದಂಬ ನೌಕಾನೆಲೆ ಇರುವ ಊರು ಅದು. ನೌಕಾನೆಲೆ ಕಾಣುವ ದೃಶ್ಯ ಬೇಡವೇ ಬೇಡ.

ಏಳನೇ ಹಂತ: ದಾಖಲೆ ಇಡಿ, ದೂರು ಬಂದರೆ ತಕ್ಷಣ ನೋಡಿ

ಒಪ್ಪಿಗೆಯ ಸಂದೇಶವನ್ನು ಸ್ಕ್ರೀನ್‌ಶಾಟ್ ಮಾತ್ರ ಮಾಡಿ ಇಡಬೇಡಿ. ಚಾಟ್ ಎಕ್ಸ್‌ಪೋರ್ಟ್ ಮಾಡಿ, ಇಮೇಲ್‌ನ ಮೂಲ ಇಟ್ಟುಕೊಳ್ಳಿ, ಫೋನ್ ಬದಲಿಸುವಾಗ ಬ್ಯಾಕಪ್ ತೆಗೆಯಿರಿ. ವಿದ್ಯುನ್ಮಾನ ದಾಖಲೆಯನ್ನು ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಸಿಗುವಂತಿದ್ದರೆ ಆ ಕೆಲಸ ಹಗುರ.

ಜಾಹೀರಾತುದಾರರೇ ನೇರವಾಗಿ ಫೋಟೊ ಏರಿಸುವ ವ್ಯವಸ್ಥೆ ಇದ್ದರೆ, ಏರಿಸುವ ಗುಂಡಿಯ ಪಕ್ಕದಲ್ಲೇ "ಇದರ ಹಕ್ಕು ನನ್ನದು ಅಥವಾ ಒಡೆಯರ ಲಿಖಿತ ಒಪ್ಪಿಗೆ ನನ್ನ ಹತ್ತಿರ ಇದೆ, ತಕರಾರು ಬಂದರೆ ಹೊಣೆ ನನ್ನದು" ಅನ್ನುವ ಸಾಲು ಇಟ್ಟು ಟಿಕ್ ಮಾಡಿಸಿ. ದೂರು ಸ್ವೀಕರಿಸುವ ಅಧಿಕಾರಿಯ ಹೆಸರು, ಸಂಪರ್ಕ ಪುಟದಲ್ಲಿ ಸುಲಭವಾಗಿ ಕಾಣಲಿ.

ದೂರು ಬಂತು ಅಂದುಕೊಳ್ಳಿ. ವಾದಕ್ಕೆ ಇಳಿಯಬೇಡಿ. ಬೇರೆಯವರು ಏರಿಸಿದ್ದನ್ನು ಇಟ್ಟುಕೊಂಡಿರುವ ತಾಣಗಳಿಗೆ 2013ರ ಕಾಪಿರೈಟ್ ನಿಯಮಗಳು 36 ಗಂಟೆಯ ಗಡುವು ಕೊಡುತ್ತವೆ. ದೂರು ಕ್ರಮಬದ್ಧ ಅಂತ ಕಂಡರೆ ಅಷ್ಟರೊಳಗೆ ಆ ವಸ್ತು ಕಾಣದಂತೆ ಮಾಡಬೇಕು. ದೂರುದಾರರು 21 ದಿನದಲ್ಲಿ ಕೋರ್ಟ್ ಆದೇಶ ತರದಿದ್ದರೆ ಮತ್ತೆ ಹಾಕಬಹುದು. ನೀವೇ ಹಾಕಿದ್ದಾದರೆ ಈ ರಕ್ಷಣೆ ಸಿಗುವುದಿಲ್ಲ. ಆಗ ಮೊದಲು ತೆಗೆಯಿರಿ, ಯಾವತ್ತಿನಿಂದ ಯಾವತ್ತಿನವರೆಗೆ ಇತ್ತು ಅಂತ ಬರೆದಿಟ್ಟುಕೊಳ್ಳಿ, ನಿಮ್ಮ ಶೀಟ್‌ನಲ್ಲಿ ಆ ಸಾಲು ತೆರೆದು ಒಪ್ಪಿಗೆ ಕೊಟ್ಟವರು ಯಾರು ಅಂತ ನೋಡಿ, ಅವರಿಗೂ ಫೋನ್ ಮಾಡಿ. ವಕೀಲರ ನೋಟಿಸ್ ಆಗಿದ್ದರೆ ಉತ್ತರವನ್ನು ವಕೀಲರಿಂದಲೇ ಬರೆಸಿ. "ಕ್ಷಮಿಸಿ ಸರ್, ಗೊತ್ತಿರಲಿಲ್ಲ" ಅಂತ ಅವಸರದಲ್ಲಿ ವಾಟ್ಸಾಪ್ ಮಾಡಿದ್ದು ಕೂಡ ದಾಖಲೆಯಾಗುತ್ತದೆ.

ಹೋಮ್‌ಸ್ಟೇ ಕೈ ಬದಲಾದರೆ, ಅಣ್ಣತಮ್ಮಂದಿರು ಹಿಸ್ಸೆ ಆಗಿ ಹೋಟೆಲು ಇಬ್ಬರದಾದರೆ, ಹಳೆಯ ಒಪ್ಪಿಗೆಯ ಮೇಲೆ ಪುಟ ಮುಂದುವರಿಸಬೇಡಿ, ಹೊಸ ಯಜಮಾನರಿಂದ ಹೊಸದಾಗಿ ಬರೆಸಿಕೊಳ್ಳಿ. ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆ ಇರುವಾಗ, ಶೀಟ್‌ನ ಕೊನೆಯ ಕಾಲಂ ನೋಡಿ ಅವಧಿ ಮುಗಿಯುತ್ತಾ ಬಂದವರಿಗೆಲ್ಲ ಸಂದೇಶ ಕಳಿಸಿ. ಅಕ್ಟೋಬರ್ ರಜೆಗೆ ಜನ ಬರುವಷ್ಟರಲ್ಲಿ ಉತ್ತರ ಕೈಯಲ್ಲಿರುತ್ತದೆ.